ಡಚ್ಚರ ನಾಡಿನಲ್ಲಿ ಹುಟ್ಟುಹಬ್ಬ

ನಮ್ಮ ದೇಶದಲ್ಲಿ ಹುಟ್ಟುಹಬ್ಬವೆಂಬುದು ಬಹುಕಾಲದಿಂದ ದೇವರಿಗೆ ಮೀಸಲಾಗಿದ್ದ ಸಂಭ್ರಮ. ಚೈತ್ರ ಶುದ್ಧ ನವಮಿಯಂದು ರಾಮ ಹುಟ್ಟಿದ. ಊರಿಗೆಲ್ಲ ಪಾನಕ, ಕೋಸಂಬರಿ. ಶ್ರಾವಣದ ಅಷ್ಟಮಿಯಂದು ಕೃಷ್ಣ ಹುಟ್ಟಿದ. ಮನೆಮನೆಗಳಲ್ಲಿ ಚಕ್ಕುಲಿ, ಮುಚ್ಚೋರೆ. ದೇವರ ಜನ್ಮದಿನದ ಲೆಕ್ಕದಲ್ಲಿ ಒಂದು ಗಳಿಗೆಯನ್ನೂ ತಪ್ಪದ ನಮ್ಮ ಹಿರಿಯರು ತಮ್ಮ ಜನ್ಮದಿನದ ಮಾತು ಬಂದಾಗ ಮಾತ್ರ ಆಕಾಶ ನೋಡುತ್ತಿದ್ದರು. ‘ಕೆರೆ ಕೋಡಿ ಬಿದ್ದ ವರ್ಷ, ಮಹಾನವಮಿಯ ಹಿಂದಿನ ವಾರ’ ಎಂಬುದು ಅವರ ಜಾತಕದ ಸಾರ. ಶಾಲೆಗೆ ಸೇರಿಸುವ ದಿನ ಮೇಷ್ಟರು ಅಂದಾಜಿನಿಂದ ಬರೆದುಕೊಂಡ ತಾರೀಖೇ ಸರ್ಕಾರದ ಕಡತಗಳಲ್ಲಿ ಅವರ ಪಾಲಿನ ಸತ್ಯ. ಮನೆಯ ಮಕ್ಕಳಿಗೆ ವರ್ಧಂತಿ ಮಾಡುತ್ತಿದ್ದುದುಂಟು. ಆದರೆ ಅದು ಎಣ್ಣೆನೀರು, ಹೊಸಬಟ್ಟೆ, ಒಂದು ಆರತಿ, ಒಂದು ಲೋಟ ಪಾಯಸಗಳಲ್ಲಿ ಮುಗಿಯುವ, ಪಕ್ಕದ ಮನೆಗೂ ಸದ್ದು ಕೇಳಿಸದ ಸಂಗತಿ. ಕೇಕು, ಬಲೂನು, ಬಣ್ಣದ ಕಾಗದದ ಟೋಪಿಗಳು ನಮ್ಮ ನಗರಗಳಿಗೆ ಬಂದು ನೆಲೆಸಿದುದು ಈಚಿನ ಮಾತು.

ದೇವರ ಹುಟ್ಟುಹಬ್ಬವನ್ನು ಹೆಚ್ಚು ಸದ್ದಿಲ್ಲದೆ ಆಚರಿಸಿ, ನೆರೆಮನೆಯವನ ಹುಟ್ಟುಹಬ್ಬವನ್ನು ಮಾತ್ರ ಧರ್ಮದಷ್ಟೇ ನಿಷ್ಠೆಯಿಂದ ಪಾಲಿಸುವ ಜನರನ್ನು ನೋಡಬೇಕಾದರೆ ನೆದರ್ಲೆಂಡ್ಸ್ ದೇಶಕ್ಕೆ ಹೋಗಬೇಕು. ನಾವು ರೂಢಿಯಿಂದ ಹಾಲೆಂಡ್ ಎಂದು ಕರೆಯುವ ಈ ದೇಶದ ಗಾಳಿಯಂತ್ರ, ಟ್ಯೂಲಿಪ್ ಹೂವು, ಗಿಣ್ಣುಗಳನ್ನು ಕುರಿತು ಓದುಗರು ಸಾಕಷ್ಟು ಕೇಳಿದ್ದಾರೆ. ಆದರೆ ಒಂದು ಜನಾಂಗದ ಒಳಮನೆಯ ನಡಾವಳಿ ತಿಳಿಯುವುದು ಅವರ ಗಾಳಿಯಂತ್ರಗಳಿಂದಲ್ಲ. ಅವರು ಕಾಫಿ ಕೊಡುವ ರೀತಿಯಿಂದ. 2024ರ ವಸಂತದಲ್ಲಿ ನಮ್ಮ ತಾಯಿಯವರೊಡನೆ ಲೈಡನ್ ನಗರದಲ್ಲಿರುವ ಅಕ್ಕನ ಮನೆಯಲ್ಲಿ ಆರು ವಾರ ಇದ್ದಾಗ ಈ ಒಳಮನೆಯ ಬಾಗಿಲು ನಮಗೆ ಸ್ವಲ್ಪ ತೆರೆಯಿತು. ತೆರೆದ ಬೀಗದಕೈ ಏಳು ತುಂಬಲಿದ್ದ ಅಕ್ಕನ ಮಗಳ ಹುಟ್ಟುಹಬ್ಬ.

ವಿಮಾನದಿಂದ ಇಳಿಯುವುದೇ ಈ ನಾಡಿನಲ್ಲಿ ಒಂದು ವಿಚಿತ್ರ. ಸ್ಖಿಪೋಲ್ ವಿಮಾನ ನಿಲ್ದಾಣವಿರುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ಒಂದು ಕಾಲಕ್ಕೆ ಅಲ್ಲಿ ದೊಡ್ಡ ಸರೋವರವಿತ್ತು. ಹಬೆಯಂತ್ರಗಳಿಂದ ನೀರನ್ನು ಎತ್ತಿ ಹೊರಹಾಕಿ 1852ರ ಹೊತ್ತಿಗೆ ಅದನ್ನು ಒಣನೆಲವಾಗಿಸಿದರು. ಅಲ್ಲಿಂದ ರೈಲಿನಲ್ಲಿ ಕಾಲು ಗಂಟೆಯ ಮೇಲೆ ಸ್ವಲ್ಪ ಪಯಣಿಸಿದರೆ ಲೈಡನ್. 1575ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, 1590ರಷ್ಟು ಹಳೆಯ ಸಸ್ಯೋದ್ಯಾನ, ನೀರಿನ ಕಾಲುವೆಗಳು, ಅವುಗಳ ಮೇಲೆ ಬಾಗಿದ ಸಣ್ಣ ಸೇತುವೆಗಳು. ಚಿತ್ರಕಾರ ರೆಂಬ್ರಾಂಟ್ 1606ರಲ್ಲಿ ಹುಟ್ಟಿದ ಊರು ಇದೇ. ಮನೆಗಳ ಗೋಡೆಗಳ ಮೇಲೆ ಲೋಕದ ನಾನಾ ಭಾಷೆಗಳ ಕವಿತೆಗಳನ್ನು ಅವುಗಳ ಲಿಪಿಯಲ್ಲೇ ಬರೆಸುವ ಸೊಗಸಾದ ಪದ್ಧತಿ ಇಲ್ಲಿ 1992ರಲ್ಲಿ ಪ್ರಾರಂಭವಾಯಿತು. ಅಂತಹ ಗೋಡೆಗಳು ನೂರಕ್ಕೂ ಮಿಕ್ಕಿವೆ. ಬೀದಿಯಲ್ಲಿ ನಡೆಯುವಾಗ ಪುಸ್ತಕದ ಪುಟ ತಿರುವಿದಂತಾಗುತ್ತದೆ.

ಬಂದ ದಿನವೇ ನಮ್ಮ ತಾಯಿಯವರಿಗೆ ಒಂದು ಆಘಾತ ಕಾದಿತ್ತು. ಅಕ್ಕನ ಮನೆಯ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಒಂದು ಪಂಚಾಂಗ ತೂಗುತ್ತಿತ್ತು. ಹನ್ನೆರಡು ಹಾಳೆ; ಒಂದೊಂದರಲ್ಲೂ ತಾರೀಖುಗಳ ಸಾಲು; ಸಾಲಿನ ಮುಂದೆ ಹೆಸರುಗಳು. ವಾರವಿಲ್ಲ, ವರ್ಷವಿಲ್ಲ. ಹೀಗಾಗಿ ಒಮ್ಮೆ ತೂಗುಹಾಕಿದರೆ ಅದು ಎಷ್ಟು ವರ್ಷಕ್ಕಾದರೂ ಸಲ್ಲುತ್ತದೆ. ಡಚ್ಚರ ಪ್ರತಿ ಮನೆಯಲ್ಲೂ ಎನ್ನುವಷ್ಟು ಸಾಮಾನ್ಯವಾದ ಹುಟ್ಟುಹಬ್ಬದ ಪಂಚಾಂಗ ಇದು. ಅದರ ಸ್ಥಾನ ಶೌಚಾಲಯವೆಂಬುದೂ ಅಷ್ಟೇ ರೂಢಿ.

“ಮಕ್ಕಳ ಹೆಸರು, ಹುಟ್ಟಿದ ದಿನ ಬರೆದಿಡುವುದಕ್ಕೆ ಇವರಿಗೆ ಬೇರೆ ಜಾಗವೇ ಸಿಕ್ಕಲಿಲ್ಲವೇನೇ?” ಎಂದರು ನಮ್ಮ ತಾಯಿ.

ಅಕ್ಕ ನಕ್ಕಳು. “ಅಮ್ಮಾ, ದಿನಕ್ಕೆ ನಾಲ್ಕು ಸಲ ತಪ್ಪದೆ ಹೋಗಿ, ಬೇರೇನೂ ಕೆಲಸವಿಲ್ಲದೆ ಕಣ್ಣೆದುರಿನ ಬಾಗಿಲನ್ನೇ ನೋಡುತ್ತಾ ಕೂರುವ ಜಾಗ ಮನೆಯಲ್ಲಿ ಇನ್ನೆಲ್ಲಿದೆ, ಹೇಳು? ಇಲ್ಲಿ ನೇತುಹಾಕಿದರೆ ಮರೆಯುವ ಹಾಗೆಯೇ ಇಲ್ಲ.”

ತಾಯಿಯವರು ಈ ತರ್ಕವನ್ನು ಒಪ್ಪಲಿಲ್ಲ. ಆದರೆ ಅದರಲ್ಲಿ ಒಂದು ಸತ್ಯವಿದೆ. ಈ ನಾಡಿನಲ್ಲಿ ಒಬ್ಬರ ಹುಟ್ಟುಹಬ್ಬವನ್ನು ಮರೆಯುವುದು ಅಲಕ್ಷ್ಯವಲ್ಲ, ಅಪಚಾರ.

ಡಚ್ ಭಾಷೆಯಲ್ಲಿ ಹುಟ್ಟುಹಬ್ಬಕ್ಕೆ ‘ಫರ್‌ಯಾರ್‌ದಾಖ್’ ಎನ್ನುತ್ತಾರೆ. ಅದರಲ್ಲಿ ಹುಟ್ಟಿನ ಮಾತೇ ಇಲ್ಲ. ‘ವರ್ಷ ತಿರುಗುವ ದಿನ’ ಎಂದು ಅದನ್ನು ಕನ್ನಡಿಸಬಹುದು. ನಮ್ಮ ‘ವರ್ಧಂತಿ’ಯಲ್ಲಿ ಬೆಳೆಯುವುದರ ಅರ್ಥವಿದೆ. ಇಬ್ಬರೂ ಹುಟ್ಟಿದ ಗಳಿಗೆಯನ್ನು ಬಿಟ್ಟು, ಮುಂದೆ ಸಾಗಿದ ಕಾಲವನ್ನೇ ಹಿಡಿದಿದ್ದಾರೆ ಎಂಬುದು ಗಮನಿಸತಕ್ಕ ಮಾತು.

ದೇಶಕ್ಕೆ ದೇಶವೇ ಒಂದು ಹುಟ್ಟುಹಬ್ಬವನ್ನು ಆಚರಿಸುವುದನ್ನು ನೋಡುವ ಅವಕಾಶ ನಮಗೆ ಮೊದಲ ವಾರದಲ್ಲೇ ಒದಗಿತು. ಏಪ್ರಿಲ್ 27 ದೊರೆ ವಿಲೆಮ್ ಅಲೆಕ್ಸಾಂಡರನ ಜನ್ಮದಿನ. ಈ ಹಬ್ಬದ ಮೂಲ 1885ರ ಆಗಸ್ಟ್ 31ರಷ್ಟು ಹಿಂದಿನದು. ಅಂದು ರಾಜಕುಮಾರಿ ವಿಲ್‌ಹೆಲ್ಮಿನಾಳಿಗೆ ಐದು ವರ್ಷ ತುಂಬಿತ್ತು. ಆಕೆಯ ಮಗಳು ಯೂಲಿಯಾನಾ ರಾಣಿಯಾದ ಮೇಲೆ, 1949ರಿಂದ, ಹಬ್ಬ ಏಪ್ರಿಲ್ 30ಕ್ಕೆ ಬಂತು. 1980ರಲ್ಲಿ ಪಟ್ಟಕ್ಕೆ ಬಂದ ಬೇಯಾಟ್ರಿಕ್ಸ್ ಹುಟ್ಟಿದುದು ಜನವರಿ 31ರಂದು. ಆ ಕೊರೆಯುವ ಚಳಿಯಲ್ಲಿ ಬೀದಿಯ ಹಬ್ಬ ನಡೆಯುವುದೆಂತು? ರಾಣಿ ತನ್ನ ತಾಯಿಯ ಜನ್ಮದಿನವನ್ನೇ ಉಳಿಸಿಕೊಂಡಳು. 2013ರಲ್ಲಿ ಆಕೆ ಮಗನಿಗೆ ಪಟ್ಟ ಬಿಟ್ಟುಕೊಟ್ಟಳು; ಮರುವರ್ಷದಿಂದ ಹಬ್ಬ ದೊರೆಯ ಜನ್ಮದಿನಕ್ಕೆ ಸರಿಯಿತು. ಅಂದು ರಾಜಮನೆತನದ ಕಿತ್ತಳೆ ಬಣ್ಣ ಬೀದಿಬೀದಿಗಳಲ್ಲಿ ಹರಿಯುತ್ತದೆ. ಟೋಪಿ ಕಿತ್ತಳೆ, ಅಂಗಿ ಕಿತ್ತಳೆ, ಉಳಿದ ದಿನ ಗುಲಾಬಿ ಬಣ್ಣದ ಸಕ್ಕರೆ ಹೊದ್ದಿರುವ ‘ಟೊಂಪೂಸ್’ ಎಂಬ ಕೆನೆಯ ತಿಂಡಿಯೂ ಅಂದು ಕಿತ್ತಳೆ. ಅಂದು ಯಾರು ಬೇಕಾದರೂ ಪರವಾನಗಿಯಿಲ್ಲದೆ ಬೀದಿಯಲ್ಲಿ ಹಳೆಯ ಸಾಮಾನು ಮಾರಬಹುದು. ನಮ್ಮ ಪುಟ್ಟಿಯೂ ಚಾಪೆ ಹಾಸಿ ತಾನು ಆಡಿಬಿಟ್ಟ ಬೊಂಬೆಗಳನ್ನು ಇಟ್ಟುಕೊಂಡು ಕುಳಿತಳು. ನಮ್ಮ ತಾಯಿಯವರಿಗೆ ದೊರೆಯ ವರ್ಧಂತಿಯೆಂದರೆ ಮೈಸೂರಿನ ಅರಮನೆಯ ನೆನಪು. “ಆನೆಯಿಲ್ಲ, ಕುದುರೆಯಿಲ್ಲ, ಮಕ್ಕಳು ಹಳೆಯ ಬೊಂಬೆ ಮಾರುತ್ತಾವೆ. ಇದೂ ಒಂದು ಚೆಂದವೇ” ಎಂದರು.

ಡಚ್ಚನ ಬಾಳು ಪ್ರಾರಂಭವಾಗುವುದೇ ಅತಿಥಿಗಳಿಗೆ ತಿನಿಸು ಕೊಡುವುದರಿಂದ. ಮಗು ಹುಟ್ಟಿದ ಮನೆಗೆ ನೋಡಲು ಹೋದವರಿಗೆ ಗುಂಡನೆಯ ರಸ್ಕಿಗೆ ಬೆಣ್ಣೆ ಸವರಿ, ಮೇಲೆ ಸಕ್ಕರೆ ಲೇಪಿಸಿದ ಸೋಂಪಿನ ಕಾಳುಗಳನ್ನು ಉದುರಿಸಿ ಕೊಡುತ್ತಾರೆ. ಸಣ್ಣ ಬಾಲವಿರುವ ಈ ಕಾಳುಗಳ ಹೆಸರು ‘ಇಲಿಮರಿಗಳು’! ಹೆಣ್ಣು ಮಗುವಾದರೆ ಗುಲಾಬಿ, ಗಂಡಾದರೆ ನೀಲಿ. 2003ರಲ್ಲಿ ಈಗಿನ ಯುವರಾಣಿ ಅಮಾಲಿಯಾ ಹುಟ್ಟಿದಾಗ ಕಿತ್ತಳೆ ಬಣ್ಣದ ಇಲಿಮರಿಗಳೂ ಅಂಗಡಿಗೆ ಬಂದವಂತೆ. ಇನ್ನು ಐವತ್ತು ತುಂಬಿದ ಗಂಡಸು ‘ಅಬ್ರಹಾಮನನ್ನು ಕಂಡ’ ಎನಿಸಿಕೊಳ್ಳುತ್ತಾನೆ, ಹೆಂಗಸು ‘ಸಾರಾಳನ್ನು ಕಂಡಳು’. ಐವತ್ತು ಕೂಡ ತುಂಬದ ನೀನು ಅಬ್ರಹಾಮನನ್ನು ಕಂಡೆಯಾ ಎಂದು ಯೇಸುವನ್ನು ಜನ ಕೇಳಿದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ; ಈ ನುಡಿಗಟ್ಟಿನ ಬೇರು ಅಲ್ಲಿ. ಅಕ್ಕನ ಬೀದಿಯಲ್ಲೇ ಒಂದು ಮನೆಯ ಮುಂದೆ ಗಡ್ಡದ ಮುದುಕನ ಆಳೆತ್ತರದ ಬೊಂಬೆಯನ್ನು ನಿಲ್ಲಿಸಿದ್ದರು. ನಾವು ಅರವತ್ತಕ್ಕೆ ಷಷ್ಟಿಪೂರ್ತಿ, ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರದರ್ಶನ ಎಂದು ಶಾಂತಿ ಮಾಡಿಸುತ್ತೇವೆ. ಅವರು ಬೊಂಬೆ ನಿಲ್ಲಿಸಿ ನಗುತ್ತಾರೆ. ಮುಪ್ಪನ್ನು ಎದುರಿಸಲು ಎರಡೂ ಉಪಾಯಗಳೇ.

ಮಕ್ಕಳ ಅಚ್ಚುಮೆಚ್ಚಿನ ಸಂತ ನಿಕೋಲಾಸನ ಹಬ್ಬವೂ ಇದೇ ಜಾಡಿನದು. ಡಿಸೆಂಬರ್ 6 ಆ ಸಂತ ತೀರಿಕೊಂಡ ದಿನವೆಂದು ಪರಂಪರೆ. ಆದರೆ ಡಚ್ ಮಕ್ಕಳು ಹಿಂದಿನ ಸಂಜೆಯನ್ನು ಅವನ ಹುಟ್ಟುಹಬ್ಬವೆಂದೇ ಆಚರಿಸುತ್ತಾರೆ. ಹುಟ್ಟುಹಬ್ಬ ಅವನದು, ಉಡುಗೊರೆ ಮಾತ್ರ ಮಕ್ಕಳಿಗೆ. ಈ ನಾಡಿನ ಮರ್ಮವೆಲ್ಲ ಇಲ್ಲಿದೆ. ಹುಟ್ಟಿದವನೇ ಕೊಡಬೇಕು. ಕರೆಯಬೇಕಾದವನೂ ಅವನೇ.

ಈ ಮರ್ಮವನ್ನು ಅರಿಯದೆ ಹೊರಗಿನಿಂದ ಬಂದವರು ಪಡುವ ಪಾಡನ್ನು ಅಕ್ಕ, ಭಾವ ಇಬ್ಬರೂ ಅನುಭವಿಸಿದ್ದರು. ಭಾವನವರು ಕೆಲಸಕ್ಕೆ ಸೇರಿದ ವರ್ಷ ಅವರ ಜನ್ಮದಿನ ಬಂತು. ಬೆಂಗಳೂರಿನ ಕಚೇರಿಯಲ್ಲಿ ಸಹೋದ್ಯೋಗಿಗಳೇ ಸದ್ದಿಲ್ಲದೆ ಹಣ ಕೂಡಿಸಿ ಕೇಕು ತಂದು, ಮೇಜಿನ ಸುತ್ತ ನಿಂತು ಚಪ್ಪಾಳೆ ತಟ್ಟುವುದು ಅವರಿಗೆ ಅಭ್ಯಾಸ. ಇಲ್ಲಿ ಮಧ್ಯಾಹ್ನದವರೆಗೆ ಯಾರೂ ಏನೂ ಅನ್ನಲಿಲ್ಲ. ಮೂರು ಗಂಟೆಗೆ ಒಬ್ಬಾತ ಬಂದು, “ಇವತ್ತು ನಿನ್ನ ದಿನವಂತೆ; ಕೇಕು ಎಲ್ಲಿ?” ಎಂದು ಕೇಳಿದನಂತೆ. ಕೇಕು ತರಬೇಕಾದವರು ತಾವೇ ಎಂದು ಭಾವನವರಿಗೆ ತಿಳಿದುದು ಆಗ.

ಅಕ್ಕನ ಕಥೆ ಇಷ್ಟು ನಗೆಯದಲ್ಲ. ಆ ಮೊದಲ ವರ್ಷ ಅವಳ ಜನ್ಮದಿನದಂದು ಭಾವನವರು ಕೆಲಸದ ಮೇಲೆ ಪರದೇಶಕ್ಕೆ ಹೋಗಿದ್ದರು. ನವೆಂಬರಿನ ಮಳೆ, ನಾಲ್ಕೂವರೆಗೇ ಕತ್ತಲೆ. ನೆರೆಯವರೆಲ್ಲ ಕಿಟಕಿಯ ಪರದೆ ಎಳೆಯದೆಯೇ ದೀಪ ಹಚ್ಚಿಕೊಂಡು ಕೂರುವ ಊರು ಅದು. ಅವರ ಬೆಳಕು ಇವಳಿಗೆ ಕಾಣುತ್ತದೆ, ಇವಳ ಬೆಳಕು ಅವರಿಗೆ. ಯಾರಾದರೂ ಬಂದಾರೆಂದು ಶ್ಯಾವಿಗೆ ಪಾಯಸ ಮಾಡಿಟ್ಟುಕೊಂಡು ಕುಳಿತಳು. ಬಾಗಿಲ ಗಂಟೆ ಬಾರಿಸಲಿಲ್ಲ. ಮೈಸೂರಿನಿಂದ ನಾವು ಫೋನು ಮಾಡಿದಾಗ, “ತುಂಬ ಜನ ಬಂದಿದ್ದರು, ಈಗತಾನೆ ಹೋದರು” ಎಂದು ನಮ್ಮ ತಾಯಿಯವರಿಗೆ ಹೇಳಿದಳು. ಆ ದಿನದ ನಿಜವನ್ನು ಅವಳು ನಮಗೆ ಹೇಳಿದುದು ಎಷ್ಟೋ ವರ್ಷಗಳ ಮೇಲೆ, ಈ ಪ್ರವಾಸದಲ್ಲಿ.

ನೆರೆಯವರು ನಿರ್ದಯರೆಂದಲ್ಲ. ಕರೆಯದೆ ಒಬ್ಬರ ಮನೆಗೆ ಹೋಗುವುದು ಅವರ ಶಿಷ್ಟಾಚಾರದಲ್ಲಿಲ್ಲ. ಪ್ರತಿಯೊಬ್ಬರಲ್ಲೂ ಒಂದು ದಿನಚರಿಯ ಪುಸ್ತಕವುಂಟು. ಎರಡು ವಾರ ಮೊದಲು ಅದರಲ್ಲಿ ಬರೆಸಿದರೆ ಬರುತ್ತಾರೆ, ಹೇಳಿದ ನಿಮಿಷಕ್ಕೆ ಬರುತ್ತಾರೆ. ನಮ್ಮಲ್ಲಿ ‘ನನ್ನ ಹುಟ್ಟುಹಬ್ಬಕ್ಕೆ ಬನ್ನಿ’ ಎಂದು ತಾನೇ ಕರೆಯುವ ದೊಡ್ಡವರನ್ನು ಕಂಡರೆ ಆಡಿಕೊಳ್ಳುತ್ತಾರೆ. ನಮಗೆ ಸಂಕೋಚ ಗುಣ. ಅವರಿಗೆ ಸ್ಪಷ್ಟತೆ ಗುಣ. ಈ ಎರಡು ಗುಣಗಳ ನಡುವಿನ ಸಂದಿಯಲ್ಲಿ ಪರದೇಶಕ್ಕೆ ಬಂದ ಎಷ್ಟು ಮಂದಿ ಹೀಗೆ ಪಾಯಸ ಮಾಡಿಟ್ಟುಕೊಂಡು ಕಾದಿರುವರೋ!

ಮರುವರ್ಷ ಅಕ್ಕ ಧೈರ್ಯಮಾಡಿ ಎಂಟು ಮನೆಯವರನ್ನು ಕರೆದಳು. ರಾತ್ರಿ ಎಂಟಕ್ಕೆ ಬರಹೇಳಿ ಹನ್ನೆರಡು ಬಗೆಯ ಅಡಿಗೆ ಮಾಡಿದಳು. ಆ ಜನ ಸಂಜೆ ಆರಕ್ಕೇ ಊಟ ಮುಗಿಸುವವರು. ಎಂಟಕ್ಕೆ ಕರೆದರೆ ಕಾಫಿಗೆ ಕರೆದಂತೆ. ಎಲ್ಲರೂ ಉಂಡೇ ಬಂದಿದ್ದರು. ದಾಕ್ಷಿಣ್ಯಕ್ಕೆ ಎರಡೆರಡು ಚಮಚ ತಿಂದು ಹೊರಟುಹೋದರು. ಮೂರು ದಿನ ಮನೆಯಲ್ಲಿ ಒಲೆ ಹಚ್ಚಬೇಕಾಗಲಿಲ್ಲ.

ಹೀಗೆ ಕಲಿತ ಮೇಲೆ ಬಂದುದು ಪುಟ್ಟಿಯ ಏಳನೆಯ ಹುಟ್ಟುಹಬ್ಬ. ತಾರೀಖಿನ ಪ್ರಕಾರ ಅದು ಮೇ 14, ಮಂಗಳವಾರ. ಆದರೆ ಜನ್ಮನಕ್ಷತ್ರ ಬೀಳುವುದು ಹನ್ನೆರಡು ದಿನಗಳ ಮೇಲೆ, 26ರ ಭಾನುವಾರ. ವರ್ಧಂತಿ ನಕ್ಷತ್ರದಂದೇ ಆಗಬೇಕೆಂದು ನಮ್ಮ ತಾಯಿಯವರ ಹಟ. ಅದೃಷ್ಟಕ್ಕೆ ನಡುವಣ ಭಾನುವಾರ ಕ್ರೈಸ್ತರ ಪೆಂತಕೋಸ್ತ್ ಹಬ್ಬ. ನೆರೆಯವರೆಲ್ಲ ಊರು ಬಿಡುವವರು. ಶಾಲೆಯ ಹಬ್ಬ 14ರಂದು, ಮನೆಯ ಹಬ್ಬ 26ರಂದು ಎಂದು ಅಕ್ಕ ನಿಶ್ಚಯಿಸಿದಳು. ದಿನಚರಿ ಪುಸ್ತಕಕ್ಕೂ ಪಂಚಾಂಗಕ್ಕೂ ಹೀಗೆ ಒಪ್ಪಂದವಾಯಿತು. ಎರಡು ಹುಟ್ಟುಹಬ್ಬ ದೊರಕಿದ ಪುಟ್ಟಿಗೆ ಅಜ್ಜಿಯ ಶಾಸ್ತ್ರದಲ್ಲಿ ತಟ್ಟನೆ ಭಕ್ತಿ ಹುಟ್ಟಿತು.

14ರ ಬೆಳಗ್ಗೆ ಡಚ್ಚರ ವಾಡಿಕೆಯಂತೆ ಮಗುವನ್ನು ಹಾಡಿ ಎಬ್ಬಿಸಿ, ಅವಳ ಕುರ್ಚಿಗೆ ಬಣ್ಣದ ಕಾಗದದ ತೋರಣ ಕಟ್ಟಿದ್ದಾಯಿತು. ಹುಟ್ಟುಹಬ್ಬದ ಮಗು ತರಗತಿಯವರಿಗೆಲ್ಲ ತಿಂಡಿ ಹಂಚಬೇಕು. ಇದು ನಮ್ಮ ಶಾಲೆಗಳ ಚಾಕೊಲೇಟು ಹಂಚುವ ಪದ್ಧತಿಯಂತೆಯೇ. ಆದರೆ ಅಲ್ಲಿನ ಬಹಳಷ್ಟು ಶಾಲೆಗಳು ಈಗ ಸಿಹಿ ಬೇಡ, ಆರೋಗ್ಯಕರವಾದದ್ದನ್ನೇ ತನ್ನಿ ಎನ್ನುತ್ತವೆ. ತಾಯಿಯವರು ಮಾಡಿದ ಕೊಬ್ಬರಿ ಮಿಠಾಯಿ ಮನೆಯಲ್ಲೇ ಉಳಿಯಿತು. ಕಡ್ಡಿಗೆ ದ್ರಾಕ್ಷಿ, ಸೌತೆಕಾಯಿಯ ಬಿಲ್ಲೆಗಳನ್ನು ಪೋಣಿಸಿಕೊಂಡು ಪುಟ್ಟಿ ಹೋದಳು. “ಹುಟ್ಟುಹಬ್ಬಕ್ಕೆ ಸೌತೆಕಾಯಿಯೇ?” ಎಂದು ತಾಯಿಯವರು ದಿನವೆಲ್ಲ ಪೇಚಾಡಿದರು. ಮಗು ಮಾತ್ರ ಸಂಜೆ ಕಾಗದದ ಕಿರೀಟವಿಟ್ಟುಕೊಂಡು ರಾಣಿಯಂತೆ ಬಂತು.

ಭಾನುವಾರದ ಸಿದ್ಧತೆಗೆ ತೊಗರಿಬೇಳೆ, ಕರಿಬೇವು, ಹುಣಿಸೆ ಬೇಕಾಯಿತು. ಅದಕ್ಕಾಗಿ ನಾವು ರೈಲು ಹತ್ತಿ ಹೇಗ್ ನಗರದ ಪೌಲ್ ಕ್ರೂಗರ್ ಬೀದಿಗೆ ಹೋದೆವು. ಅಲ್ಲಿನ ಅಂಗಡಿಗಳಲ್ಲಿ ಅನೇಕವು ಸುರಿನಾಮಿನ ಹಿಂದೂಸ್ತಾನಿಗಳವು. 1873ರ ಜೂನ್ 5ರಂದು ‘ಲಾಲಾ ರೂಖ್’ ಎಂಬ ಹಡಗು ಭಾರತದ ಕೂಲಿಗಳನ್ನು ಹೊತ್ತು ದಕ್ಷಿಣ ಅಮೆರಿಕದ ಡಚ್ ವಸಾಹತು ಸುರಿನಾಮನ್ನು ಮುಟ್ಟಿತು. 1916ರವರೆಗೆ ಹೀಗೆ ಕರಾರಿನ ಮೇಲೆ ಹೋದವರು ಸುಮಾರು 34,000 ಮಂದಿ. 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಸುಮಾರಿಗೆ ಅವರ ಮಕ್ಕಳು ಮೊಮ್ಮಕ್ಕಳು ಬಹುಸಂಖ್ಯೆಯಲ್ಲಿ ನೆದರ್ಲೆಂಡ್ಸಿಗೆ ಬಂದು ನೆಲೆಸಿದರು. ಅವರ ಮನೆಮಾತು ಭೋಜಪುರಿ, ಅವಧಿಗಳಿಂದ ಬೆಳೆದ ಸರ್ನಾಮಿ. ಅಂಗಡಿಯ ಹೆಂಗಸಿನೊಡನೆ ನಮ್ಮ ತಾಯಿಯವರು ತಮಗೆ ಬಂದ ನಾಲ್ಕು ಹಿಂದಿ ಮಾತುಗಳಲ್ಲಿ ಅರ್ಧ ಗಂಟೆ ಮಾತಾಡಿದರು. ಮೊಮ್ಮಗಳ ಹುಟ್ಟುಹಬ್ಬವೆಂದು ಕೇಳಿ ಆಕೆ ಒಂದು ಹಿಡಿ ಕರಿಬೇವನ್ನು ಹೆಚ್ಚಾಗಿ ಚೀಲಕ್ಕೆ ಹಾಕಿದಳು. ಎರಡು ಸಾಗರ ದಾಟಿ ಬಂದವರಲ್ಲೂ ಕೊಸರು ಕೊಡುವ ಪದ್ಧತಿ ಉಳಿದಿತ್ತು.

ಇನ್ನು ಎರಡು ಸಮಸ್ಯೆಗಳು ಉಳಿದವು. ಮೊದಲನೆಯದು ಊಟ. ಡಚ್ಚರ ಪದ್ಧತಿಯಂತೆ ಮೂರಕ್ಕೆ ಕರೆದರೆ ಐದಕ್ಕೆ ಅತಿಥಿಗಳು ಎದ್ದು ಹೋಗುತ್ತಾರೆ. ಕಾಫಿ, ಒಂದೊಂದು ತುಂಡು ಕೇಕು, ಆಮೇಲೆ ಗಿಣ್ಣಿನ ಚೂರು, ಪಾನೀಯ. “ಮನೆಗೆ ಬಂದವರನ್ನು ಊಟದ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳಿಸುವುದೆ? ಅದು ನನ್ನಿಂದಾಗದು” ಎಂದರು ತಾಯಿಯವರು. “ಬಲವಂತ ಮಾಡಿದರೆ ಅವರಿಗೆ ಮುಜುಗರವಾಗುತ್ತೆ ಅಮ್ಮಾ” ಎಂದಳು ಅಕ್ಕ. ಕೊನೆಗೆ ಭಾವನವರು ದಾರಿ ತೋರಿದರು: “ನಾಲ್ಕಕ್ಕೆ ಬನ್ನಿ, ಊಟವೂ ಇಲ್ಲೇ ಇದೆ ಎಂದು ಬರೆದುಬಿಡೋಣ. ಇಲ್ಲಿನವರಿಗೆ ಮೊದಲೇ ಹೇಳಿದರೆ ಯಾವುದೂ ಕಷ್ಟವಲ್ಲ.”

ಎರಡನೆಯದು ಇನ್ನೂ ಸೂಕ್ಷ್ಮ. ಕೇಕಿನ ಮೇಲಿನ ಮೋಂಬತ್ತಿಗಳನ್ನು ಮಗು ಊದಿ ಆರಿಸಬೇಕು. ಒಳ್ಳೆಯ ದಿನ ದೀಪವನ್ನು ಬಾಯಿಂದ ಊದಿ ಆರಿಸುವುದನ್ನು ನಮ್ಮ ತಾಯಿಯವರು ಕಣ್ಣಿಂದ ನೋಡಲಾರರು. ಆರಿಸದಿದ್ದರೆ ಪುಟ್ಟಿ ಅಳುತ್ತಾಳೆ. ಅಜ್ಜಿ ಮೊಮ್ಮಗಳ ನಡುವೆ ಎರಡು ದಿನ ಮಾತು ಕಡಿಮೆಯಾಯಿತು. ಮೂರನೆಯ ದಿನ ತಾಯಿಯವರೇ ಒಂದು ಪರಿಹಾರ ಹೇಳಿದರು: “ಮೊದಲು ಆ ಬತ್ತಿಯಿಂದ ದೇವರ ದೀಪ ಹಚ್ಚಲಿ. ಜ್ಯೋತಿ ಈ ಕಡೆ ಬಂದುಬಿಟ್ಟ ಮೇಲೆ ಅಲ್ಲಿ ಉಳಿಯುವುದು ಬರಿಯ ಮೇಣ. ಊದಿಕೊಳ್ಳಲಿ.”

26ರಂದು ನಾಲ್ಕು ಹೊಡೆಯುವುದಕ್ಕೂ ಬಾಗಿಲ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ನಡುಮನೆಯಲ್ಲಿ ಕುರ್ಚಿಗಳನ್ನು ವರ್ತುಲವಾಗಿ ಇಟ್ಟಿದ್ದೆವು. ಇದು ಡಚ್ ಹುಟ್ಟುಹಬ್ಬದ ಪ್ರಸಿದ್ಧ ಲಕ್ಷಣ. ಡಚ್ಚರೇ ಇದನ್ನು ಕುರಿತು ಹಾಸ್ಯ ಮಾಡುವುದುಂಟು, ಆದರೆ ಬಿಡುವುದಿಲ್ಲ. ಬಂದವರು ನೇರವಾಗಿ ಕೂರುವಂತಿಲ್ಲ. ವರ್ತುಲದಲ್ಲಿರುವ ಒಬ್ಬೊಬ್ಬರ ಕೈಯನ್ನೂ ಕುಲುಕಿ ‘ಖೆಫೆಲಿಸಿಟೇರ್ಟ್’, ಅಂದರೆ ‘ಅಭಿನಂದನೆ’, ಎನ್ನಬೇಕು. ಹುಟ್ಟುಹಬ್ಬದವರಿಗೆ ಮಾತ್ರವಲ್ಲ, ತಾಯಿಗೆ ‘ಮಗಳಿಗಾಗಿ ಅಭಿನಂದನೆ’, ತಂದೆಗೆ, ಮಾವನಿಗೆ, ನೆರೆಯವರಿಗೆ ಕೂಡ.

ಮೊದಲು ಬಂದವರು ಪಕ್ಕದ ಮನೆಯ ಎಂಬತ್ತರ ವೃದ್ಧೆ. ಒಂದು ಕಾಲಕ್ಕೆ ದಾದಿಯಾಗಿದ್ದವರು. ಕೋಲೂರಿಕೊಂಡು ಬಂದು ನಮ್ಮ ತಾಯಿಯವರ ಎರಡು ಕೈಗಳನ್ನೂ ಹಿಡಿದುಕೊಂಡು ಏನೋ ಅಂದರು.

“ಏನಂತೆ?”

“ಮೊಮ್ಮಗಳಿಗಾಗಿ ನಿಮಗೆ ಅಭಿನಂದನೆ ಅಂತಾರೆ ಅಮ್ಮಾ.”

“ನನಗೆ ಯಾಕೆ? ನಾನೇನು ಮಾಡಿದೆ?”

ಅಕ್ಕ ಅದನ್ನು ಡಚ್ಚಿನಲ್ಲಿ ಹೇಳಿದಳು. ವೃದ್ಧೆ ಅಕ್ಕನ ಕಡೆಗೆ, ಆಮೇಲೆ ಪುಟ್ಟಿಯ ಕಡೆಗೆ ಬೆರಳು ತೋರಿಸಿ, “ಇವರಿಬ್ಬರೂ ಮತ್ತೆ ಎಲ್ಲಿಂದ ಬಂದರು?” ಎಂದರು. ಅಂದು ಹದಿನೈದು ಜನ ಒಬ್ಬರಾದ ಮೇಲೆ ಒಬ್ಬರು ಬಂದು ನಮ್ಮ ತಾಯಿಯವರ ಕೈಕುಲುಕಿದರು. ಮೊದಲು ಸಂಕೋಚದಿಂದ ಕೈ ಹಿಂದೆಗೆಯುತ್ತಿದ್ದವರು ಕೊನೆಕೊನೆಗೆ ತಾವೇ ಸೆರಗು ಸರಿಪಡಿಸಿಕೊಂಡು ಎದ್ದು ನಿಲ್ಲುತ್ತಿದ್ದರು.

ಪುಟ್ಟಿ ಬತ್ತಿಯಿಂದ ದೀಪ ಹಚ್ಚಿ, ಉಳಿದ ಮೇಣವನ್ನು ಊದಿದಳು. ಎಲ್ಲರೂ ದೀರ್ಘಾಯುಷ್ಯ ಕೋರುವ ತಮ್ಮ ಹಾಡನ್ನು ಹಾಡಿ, ಮೂರು ಬಾರಿ ಕೈಯೆತ್ತಿ ಜಯಕಾರ ಮಾಡಿದರು. ಬಳಿಕ ನಮ್ಮ ತಾಯಿ, ಅಕ್ಕ ಇಬ್ಬರೂ ಆರತಿಯೆತ್ತಿದರು. ಒಬ್ಬರೂ ಉಂಡು ಬಂದಿರಲಿಲ್ಲ. ಬಿಸಿಬೇಳೆ ಭಾತಿನ ಪಾತ್ರೆ ತಳಕಂಡಿತು. ಐದಕ್ಕಲ್ಲ, ಎಂಟಕ್ಕೂ ಯಾರೂ ಏಳಲಿಲ್ಲ. ಇಂತಹ ಬೆಚ್ಚನೆಯ ಕೂಟಕ್ಕೆ ಡಚ್ಚರು ‘ಖೆಜೆಲ್ಲಿಖ್’ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಒಂದೇ ಪದ ನನಗೆ ಸಿಕ್ಕಲಿಲ್ಲ. ಅಂದು ಬೇಕೂ ಆಗಲಿಲ್ಲ.

ಹೊರಡುವ ಮುನ್ನ ಆ ವೃದ್ಧೆ ಚೀಲದಿಂದ ಪೆನ್ನು ತೆಗೆದು, “ನಿಮ್ಮ ಹುಟ್ಟುಹಬ್ಬ ಯಾವತ್ತು?” ಎಂದು ನಮ್ಮ ತಾಯಿಯವರನ್ನು ಕೇಳಿದರು, ತಮ್ಮ ಪಂಚಾಂಗದಲ್ಲಿ ಬರೆದುಕೊಳ್ಳಬೇಕಂತೆ.

“ಗೌರಿ ಹಬ್ಬಕ್ಕೆ ಮೂರು ದಿನ ಮುಂಚೆ” ಎಂದರು ತಾಯಿಯವರು.

ಗೌರಿ ಹಬ್ಬ ವರ್ಷವರ್ಷವೂ ಸ್ಥಾನ ಬದಲಿಸುತ್ತದೆಂದು ಕೇಳಿ ವೃದ್ಧೆ ತಲೆಯಾಡಿಸಿದರು. ಓಡಾಡುವ ದಿನಕ್ಕೆ ಅವರ ಪಂಚಾಂಗದಲ್ಲಿ ಜಾಗವಿಲ್ಲ. ಭಾವನವರು ಗಣಕಯಂತ್ರದ ಮುಂದೆ ಕುಳಿತು ಹಳೆಯ ಪಂಚಾಂಗ ಹುಡುಕಿ, “1958, ಸೆಪ್ಟೆಂಬರ್ 13” ಎಂದರು. ಒಂದು ಕ್ಷಣ ತಡೆದು, “ಶನಿವಾರ” ಎಂದರು.

“ಹೌದು. ಶನಿವಾರ, ಅಮಾವಾಸ್ಯೆ” ಎಂದರು ತಾಯಿಯವರು. “ಅದಕ್ಕೇ ನಮ್ಮಮ್ಮ ನನ್ನ ವರ್ಧಂತಿ ಮಾಡುತ್ತಲೇ ಇರಲಿಲ್ಲ. ಅಣ್ಣಂದಿರಿಗೆ ಮಾಡೋರು. ನನ್ನ ದಿನ ಯಾರೂ ಎತ್ತಬಾರದು ಅಂತ ಇತ್ತು.”

ಈ ಮಾತನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಾನೂ ಅಕ್ಕನೂ ತಾಯಿಯವರಿಗೆ ವರ್ಧಂತಿಯೇ ಇಲ್ಲವೆಂದೇ ತಿಳಿದು ಬೆಳೆದವರು. ಅಮಾವಾಸ್ಯೆಯ ಅರ್ಥವನ್ನು ಡಚ್ಚಿನಲ್ಲಿ ಹೇಳಲು ಅಕ್ಕ ಹೊರಟು ಸುಮ್ಮನಾದಳು. ವೃದ್ಧೆ ಒಂದು ಚೀಟಿಯಲ್ಲಿ 13 ಎಂದು ಬರೆದು, ಅಕ್ಕನಿಂದ ಹೆಸರಿನ ಅಕ್ಷರಗಳನ್ನು ಕೇಳಿ ಮುಂದೆ ಸೇರಿಸಿ, ಮಡಿಸಿ ಚೀಲಕ್ಕೆ ಹಾಕಿಕೊಂಡರು. ಅವರ ಪಂಚಾಂಗಕ್ಕೆ ವಾರ ತಿಳಿಯದು, ತಿಥಿ ತಿಳಿಯದು. 13 ಎಂದರೆ 12ರ ಮರುದಿನ, ಅಷ್ಟೆ. ಅದು ತೂಗುವ ಜಾಗದ ವಿಷಯವನ್ನು ಅಂದು ನಮ್ಮ ತಾಯಿಯವರು ಎತ್ತಲಿಲ್ಲ.

ಪರದೇಶದ ಪದ್ಧತಿಗಳನ್ನು ಕಂಡಾಗ ನಮ್ಮದು ಮೇಲೋ ಅವರದು ಮೇಲೋ ಎಂದು ತೂಗುವುದು ಸುಲಭ. ಕರೆಯದೆ ಬರುವ ನಮ್ಮ ನೆಂಟರಿಷ್ಟರ ಸಲಿಗೆಯನ್ನು ಬಿಟ್ಟು ದಿನಚರಿ ಪುಸ್ತಕ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಆದರೆ ಮನುಷ್ಯನಿಗೆ ತಾನು ಹುಟ್ಟಿದುದು ನಾಲ್ಕು ಜನಕ್ಕೆ ಸಂತೋಷವೆಂದು ವರ್ಷಕ್ಕೊಮ್ಮೆಯಾದರೂ ಕೇಳಬೇಕೆನಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಏರ್ಪಾಟೊಂದನ್ನು ಆ ಚಳಿಯ ನಾಡಿನವರು ಮಾಡಿಕೊಂಡಿದ್ದಾರೆ. ಅಕ್ಕನೀಗ ನವೆಂಬರ್ ಬಂದರೆ ಅಕ್ಟೋಬರಿನಲ್ಲೇ ಹತ್ತು ಮನೆಗೆ ಹೇಳಿಕಳಿಸುತ್ತಾಳೆ. ಕಿಟಕಿಯ ಪರದೆ ಎಳೆಯುವುದಿಲ್ಲ.

ಆ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಒಂದು ಅಂಚೆ ಬಂತು. ನೀಲಿ ಕಾಲುವೆಯ ಚಿತ್ರವಿದ್ದ ಕಾರ್ಡು. ನಡುಗುವ ಕೈಯ ನಾಲ್ಕು ಸಾಲು. 13ಕ್ಕೆ ಮುಟ್ಟಬೇಕಾಗಿದ್ದದ್ದು ಒಂಬತ್ತು ದಿನ ತಡವಾಗಿತ್ತು. ನಾನು ಅರ್ಥ ಹೇಳಿದೆ. ತಾಯಿಯವರು ಅದನ್ನು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ದೇವರ ಪೀಠದ ಪಕ್ಕದಲ್ಲಿ ಒರಗಿಸಿಟ್ಟರು. ಮಧ್ಯಾಹ್ನ ಕೊಬ್ಬರಿ ಮಿಠಾಯಿ ಮಾಡಿ ತಟ್ಟೆಯಲ್ಲಿ ಜೋಡಿಸಿಕೊಂಡು ಎಡಬಲದ ನಾಲ್ಕು ಮನೆಗಳಿಗೂ ತಾವೇ ಹೋಗಿ ಹಂಚಿ ಬಂದರು. ಏನು ವಿಶೇಷವೆಂದು ಕೇಳಿದವರಿಗೆ, “ನನ್ನ ಹುಟ್ಟುಹಬ್ಬ ಕಣ್ರೀ” ಎಂದರಂತೆ.